ಓರೆಯಿಂದ ಕಂಡ ಕೆಂಪು

ಟಿವಿ ಪರದೆ ಲ್ಯಾಬಿನ ಮೇಜಿನ ಮೇಲೇ ಇತ್ತು. ಚೌಕಟ್ಟಿಗೆ ಹಚ್ಚಿದ ಕುಂಕುಮ, ಬಾಡಿದ ಚೆಂಡುಹೂವು, ಒಣಗಿದ ಬನ್ನಿ ಎಲೆ, ಎಲ್ಲ ಇದ್ದವು. ಆದರೆ ಅದು ಬೇರೆ ಪರದೆ.

"ನೇರವಾಗಿ ನೋಡಿ ಮೇಡಂ," ಎಂದರು ಪರದೆ ತಯಾರಿಸುವ ಕಂಪನಿಯ ಮಾಲೀಕ ಸೂರ್ಯನಾರಾಯಣ. ಪರದೆಯ ತುಂಬ ಅಪ್ಪಟ ಕೆಂಪು. "ಈಗ ಪಕ್ಕಕ್ಕೆ ಬನ್ನಿ."

ಇನ್‌ಸ್ಪೆಕ್ಟರ್ ಮೃಣಾಲಿನಿ ಪಕ್ಕಕ್ಕೆ ಸರಿದರು. ಹಿಂದೆಯೇ ನಾನೂ ಸರಿದೆ. ಕೆಂಪು ಹೋಗಿ ಕಿತ್ತಳೆಯಾಯಿತು.

"ನಮ್ಮ ಹೊಸ ಪರದೆಯಲ್ಲಿ ಹೀಗಾಗಲ್ಲ. ಎಲ್ಲಿಂದ ನೋಡಿದರೂ ಕೆಂಪು ಕೆಂಪೇ. ಇದ್ದದ್ದು ಅದೊಂದೇ. ಯಾರೋ ಅದನ್ನು ಕದ್ದು ಮಾಮೂಲಿ ಪರದೆ ಕೂರಿಸಿದ್ದಾರೆ. ಇವತ್ತು ಗಿರಾಕಿಗಳ ಮುಂದೆ ಮಾನ ಹೋಯಿತು. ಯಾರೋ ಅಂತ ಯಾಕನ್ನಲಿ? ಇವಳೇ."

ಇವಳು ಅಂದರೆ ಶರ್ವರಿ. ಆ ಪರದೆ ಮಾಡಿದವಳೇ. ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಮುಖ ಊದಿತ್ತು.

ನಾನು ಹೆಡ್ ಕಾನ್‌ಸ್ಟೆಬಲ್ ಕಲ್ಲೇಶ. ದಸರಾ ಬಂದೋಬಸ್ತ್ ಮುಗಿಸಿ ಕಾಲು ಚಾಚುವಷ್ಟರಲ್ಲಿ ಈ ಪಂಚಾಯಿತಿ ತಲೆಗೆ ಬಂತು. ನಮ್ಮ ಕುಷಾಯಿಗೂಡ ಠಾಣೆಯಲ್ಲಿ ಬೈಕ್ ಕಳವು ನೋಡಿದ್ದೇನೆ, ಸರಗಳವು ನೋಡಿದ್ದೇನೆ. ಬಣ್ಣದ ಕಳವು ಇದೇ ಮೊದಲು.

ಮಾಲೀಕರ ಲೆಕ್ಕ ಸರಳವಾಗಿತ್ತು. ಆಯುಧ ಪೂಜೆ ಮುಗಿದ ಮೇಲೆ ಲ್ಯಾಬಿಗೆ ಬೀಗ ಬಿತ್ತು. ಕೀಲಿಕೈ ಆಗಿನಿಂದ ಶರ್ವರಿಯ ಬಳಿ. ಮರುದಿನ ದಸರಾ ರಜೆ. ಆದರೂ ಅವಳು ದೊಡ್ಡ ಬ್ಯಾಗ್ ಹಿಡಿದು ಬಂದು ಹೋದದ್ದು ಗೇಟಿನ ಕ್ಯಾಮೆರಾದಲ್ಲಿದೆ. ಸಾಲದ್ದಕ್ಕೆ ಬೇರೆ ಕಂಪನಿಯಿಂದ ಅವಳಿಗೆ ಕೆಲಸದ ಕರೆಯೂ ಬಂದಿದೆ.

"ಕರೆ ಬಂದಿತ್ರಿ. ಒಲ್ಲೆ ಅಂದೀನಿ," ಎಂದಳು ಶರ್ವರಿ. "ಬ್ಯಾಗಿನ್ಯಾಗ ಬನ್ನಿ ಇತ್ರಿ, ಮನಿ ಮನಿಗೆ ಹಂಚಾಕ. ಮೊದಲು ಇದರ ಮುಂದ ಇಟ್ಟು ಹೋಗೋಣ ಅಂತ ಬಂದಿದ್ನಿ."

"ಪರದೆಗೆ ಬನ್ನಿ ಕೊಟ್ಟೆಯಾ?" ನಾನು ನಕ್ಕೆ. ನಗಬಾರದಿತ್ತು.

"ನನ್ನ ಕೈಯಾಗ ಬೆಳದ ಕೂಸು ಅದುರಿ," ಎಂದಳು.

"ಸಂಜೆಯೊಳಗೆ ಪರದೆ ಸಿಗದಿದ್ದರೆ ಇವಳನ್ನ ಅರೆಸ್ಟ್ ಮಾಡಿ," ಎಂದರು ಮಾಲೀಕರು.

ಮೂಲೆಯಲ್ಲಿ ನಿಂತಿದ್ದ ಹಿರಿಯ ಎಂಜಿನಿಯರ್ ಗುರುರಾಜ ಅವಳಿಗೆ ನೀರು ತಂದುಕೊಟ್ಟರು. ಅವಳಿಗೆ ಈ ವಿದ್ಯೆ ಕಲಿಸಿದವರೇ ಅವರು. "ಹುಡುಗಿ ಅಂಥಾಕಿ ಅಲ್ರಿ," ಎಂದರು ನೆಲ ನೋಡುತ್ತಾ. ಪಾಪ, ಒಳ್ಳೆಯ ಮನುಷ್ಯ ಅಂದುಕೊಂಡೆ.

*

"ಬಣ್ಣ ಯಾಕ ಬದಲಾಗತೈತಿ? ನಮಗ ತಿಳಿಯೂ ಹಂಗ ಹೇಳವ್ವಾ," ಎಂದರು ಮೇಡಂ.

ಶರ್ವರಿ ಕಣ್ಣೊರೆಸಿಕೊಂಡಳು. "ಪರದೆ ಅಂದ್ರ ಒಂದು ವಠಾರ ಅಂದ್ಕೋರಿ. ಕೆಂಪು ಮನಿ, ಹಸಿರು ಮನಿ, ನೀಲಿ ಮನಿ, ಒಂದಕ್ಕೊಂದು ಹತ್ತಿ. ದೀಪ ಎಲ್ಲಾ ಬಿಳೀವು, ಬಣ್ಣ ಕಿಟಕಿ ಗಾಜಿಂದು. ಕೆಂಪು ಮನ್ಯಾಗ ದೀಪ ಹಚ್ಚಿದ್ರ ಎದುರು ನಿಂತವರಿಗೆ ಕೆಂಪು ಕಿಟಕಿ ಅಷ್ಟ ಕಾಣತೈತಿ. ಓರೆಯಾಗಿ ಹೋಗೋ ಬೆಳಕು ಪಕ್ಕದ ಹಸಿರು ಕಿಟಕ್ಯಾಗ ನುಗ್ಗತೈತಿ. ಕೆಂಪಿಗೆ ಹಸಿರು ಕೂಡಿದ್ರ ಕಿತ್ತಳಿ. ನಾನು ನಡುವೆ ಕರೀ ಗೋಡಿ ಎಬ್ಬಿಸಿದ್ನಿ, ಕಿಟಕಿಗಳನ್ನ ದೀಪದ ಸಮೀಪ ತಂದಿದ್ನಿ. ಅಷ್ಟರಿ."

ಮೇಡಂ ಮಾಲೀಕರ ಕಡೆ ತಿರುಗಿದರು. "ಅಸಲಿ ಪರದೆಯನ್ನ ಓರೆಯಿಂದ ಕೊನೀಗೆ ಯಾವಾಗ ನೋಡಿದ್ರಿ?"

"ಪೂಜೆಯ ಹಿಂದಿನ ಸಂಜೆ. ಪಕ್ಕದಲ್ಲೇ ಕೂತಿದ್ದೆ. ಅಪ್ಪಟ ಕೆಂಪು. ಆಮೇಲೆ ನಾನೇ ಬೀಗ ಹಾಕಿದೆ."

"ಪೂಜಾ ಹೊತ್ತಿನ್ಯಾಗ?"

"ಆಗಲೂ ಕೆಂಪು ಹಾಕಿಟ್ಟಿದ್ದೆವು, ಶುಭ ಅಂತ. ಎಲ್ಲರೂ ಎದುರಿಗೇ ನಿಂತಿದ್ದೆವು."

"ಫೋಟೋ?"

ಅವರ ಫೋನಿನಲ್ಲಿತ್ತು. ಬಾಗಿಲ ಬಳಿಯಿಂದ ತೆಗೆದದ್ದು. ಎಲ್ಲರೂ ಹಲ್ಲು ಕಿರಿದು ನಿಂತಿದ್ದರು, ಹಿಂದೆ ಪರದೆ ಓರೆಯಾಗಿ ಕಾಣುತ್ತಿತ್ತು. ಕಿತ್ತಳೆ.

"ಫೋನಿನ ದೋಷ ಇರಬೇಕ್ರಿ," ಎಂದೆ ನಾನು.

"ಶರ್ವರಿ ಉಟ್ಟ ಸೀರಿ ನೋಡ್ರಿ ಕಲ್ಲೇಶ. ಯಾವ ಬಣ್ಣ?"

ಕೆಂಪು. ಕುಂಕುಮವೂ ಕೆಂಪು. ಪರದೆ ಮಾತ್ರ ಕಿತ್ತಳೆ. ಅದೇ ಬಾಗಿಲಲ್ಲಿ ನಿಂತು, ಮೇಜಿನ ಮೇಲಿದ್ದ ನಕಲಿ ಪರದೆಯ ಫೋಟೋ ತೆಗೆದೆ. ಅದೇ ಕಿತ್ತಳೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

"ಅಂದ್ರ ಪೂಜಾ ಹೊತ್ತಿಗೇ ಪರದೆ ಬದಲಾಗಿತ್ತು," ಎಂದರು ಮೇಡಂ. "ಶರ್ವರಿ ಕೈಗೆ ಕೀಲಿ ಬಂದಿದ್ದು ಆಮ್ಯಾಲೆ. ಹಿಂದಿನ ಸಂಜಿ ಅಸಲಿ, ಮರುದಿನ ಪೂಜಾ ಹೊತ್ತಿಗೆ ನಕಲಿ. ನಡುವ ಆ ಮುಂಜಾನಿ ಬೀಗ ಯಾರು ತಗದ್ರು?"

ಮಾಲೀಕರು ತಡವರಿಸಿದರು. "ಪೂಜೆಗೆ ಎಲ್ಲವನ್ನೂ ಒರೆಸುವುದು ಗುರುರಾಜರ ಪದ್ಧತಿ. ಬೇರೆಯವರನ್ನ ಒಳಗೆ ಬಿಡುವುದಿಲ್ಲ. ಆ ಮುಂಜಾನೆ ಕೀಲಿ ಅವರಿಗೇ ಕೊಟ್ಟಿದ್ದೆ."

ಶರ್ವರಿ ಅವರ ಕಡೆ ನೋಡಿದಳು. "ಕಾಕಾ?"

*

ಗುರುರಾಜ ಕುರ್ಚಿ ಎಳೆದು ಕೂತರು.

"ಒದ್ದಿ ಅರಿವಿಲೆ ಒರಸಾಕತ್ತಿದ್ದೆ. ಕೈ ಜಾರಿತು. ಮೇಜಿನ ಮೂಲಿಗೆ ಬಡದು ಗಾಜು ಸೀಳಿತು. ಆಯುಧ ಪೂಜಾದ ದಿನ ಆಯುಧಾನ ಒಡದೆ. ಹೊರಗ ಎಲ್ಲಾರೂ ಹೂ ಹಿಡ್ಕೊಂಡು ಬರಾಕತ್ತಿದ್ರು. ಕಪಾಟಿನ್ಯಾಗಿನ ಹಳೇ ಪರದೆ ಕೂಡಿಸಿದೆ. ಪೂಜಾ ಆದಮ್ಯಾಲೆ ಹೇಳೋಣ ಅಂದ್ಕೊಂಡೆ. ನಾಲಿಗಿ ಏಳಲಿಲ್ರಿ."

"ಹುಡುಗೀನ ಕಳ್ಳಿ ಅಂದಾಗ?" ಮೇಡಂ ಕೇಳಿದರು.

"ಆವಾಗ ಇನ್ನೂ ಅಂಜಿಕಿ ಆತ್ರಿ. ಒಡದಿದ್ದು ನಮ್ಮ ದೇವರ ಕೋಣ್ಯಾಗೈತಿ. ಕಸಕ್ಕ ಹಾಕಾಕ ಮನಸಾಗಲಿಲ್ಲ."

"ಬನ್ನಿ ಕೊಡಾಕ ಮನೀಗೆ ಬಂದಿದ್ನಲ್ಲ ಕಾಕಾ," ಎಂದಳು ಶರ್ವರಿ. "ನಿಮಗ ಜ್ವರ ಅಂತ ಬಾಗಲದಾಗ ನಿಮ್ಮ ಮನಿಯವರು ಹೇಳಿದ್ರು."

"ಜ್ವರ ಇರಲಿಲ್ಲವ್ವಾ. ನಿನ್ನ ಮಾರಿ ನೋಡೋ ಧೈರ್ಯ ಇರಲಿಲ್ಲ."

"ಗಾಜು ಹೋದ್ರ ಹೋಗಲಿ, ಮತ್ತೊಂದು ಮಾಡ್ತೀನಿ. ನನ್ನ ಕಳ್ಳಿ ಅಂದಾಗ ನೀವು ಇಲ್ಲೇ ನಿಂತಿದ್ರಿ."

ಮುದುಕರ ಮೇಲೆ ನನಗೆ ಸಿಟ್ಟೂ ಬಂತು, ಮರುಕವೂ ಬಂತು. ಮಾಲೀಕರು ಕ್ಷಮಿಸಮ್ಮ ಎಂದು ತೊದಲಿದರು. ಮೇಡಂ ದೂರಿನ ಕಾಗದ ಮಡಚಿ ಅವರ ಕೈಗಿಟ್ಟರು. "ಕಳವು ಆಗಿಲ್ಲ," ಎಂದರು.

ಗುರುರಾಜ ಎದ್ದು ಬಾಗಿಲಾಚೆ ಹೋದರು. ಬೆಳಗಿನಿಂದ ಪಿಸುಗುಡುತ್ತಿದ್ದ ಕಂಪನಿಯ ಮಂದಿಯೆಲ್ಲ ಅಲ್ಲಿದ್ದರು. "ಪರದೆ ಒಡದಾಂವ ನಾನು," ಎಂದರು. "ಶರ್ವರಿದು ಏನೂ ತಪ್ಪಿಲ್ಲ."

ಒಳಗೆ ಬಂದು ಚೌಕಟ್ಟಿನ ಮೇಲಿದ್ದ ಒಣಗಿದ ಬನ್ನಿ ಎಲೆಯನ್ನು ಎತ್ತಿ ಅವಳ ಮುಂದೆ ಹಿಡಿದರು. ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟುವುದು ನಮ್ಮ ಪದ್ಧತಿ. ಇಲ್ಲಿ ಹಿರಿಯರೇ ಕೈ ನೀಡಿದ್ದರು.

ಶರ್ವರಿ ಕಾಲು ಮುಟ್ಟಲಿಲ್ಲ. ಎಲೆ ತೆಗೆದುಕೊಂಡಳು.

"ನಾಳೆ ಒಡದಿದ್ದನ್ನ ತಗೊಂಡು ಬರ್ರಿ ಕಾಕಾ," ಎಂದಳು. "ಗೋಡಿ ಎಲ್ಲಿ ಸೀಳೈತಿ, ಕೂಡಿ ನೋಡೋಣ."