ಚಾಕು ಕೂಟದ ನಾಲ್ಕನೆಯ ಏಟು

"ಎಪ್ಪತ್ತೆಂಟು ಗ್ರಾಂ!"

ಅಂಗಡಿ ಮಾಮ ಕೂಗಿದ ಜೋರಿಗೆ ಬಾಗಿಲ ಬಳಿ ಮಲಗಿದ್ದ ಬೆಕ್ಕು ಎದ್ದು ಓಡಿತು. ಅವರು ತಕ್ಕಡಿಯಿಂದ ಚಾಕುವನ್ನು ಎತ್ತಿ, ಮತ್ತೆ ಇಟ್ಟು, ಕನ್ನಡಕ ಏರಿಸಿ ನೋಡಿದರು. ಎಪ್ಪತ್ತೆಂಟೇ.

"ಹಳೇದು ಎಷ್ಟಿತ್ತು?" ಬಡಗಿ ತಾತ ಕೇಳಿದರು.

"ನೂರಾ ನಲವತ್ತು! ಅದನ್ನ ಜೇಬಿಗೆ ಹಾಕ್ಕೊಂಡು ನಡೆದ್ರೆ ಪ್ಯಾಂಟೇ ಜಾರ್ತಿತ್ತು."

ಎಲ್ಲರೂ ನಕ್ಕರು. ಚೂಟಿ ಮಾತ್ರ ನಗಲಿಲ್ಲ. ಅವಳು ಕಿಟಕಿಯ ಕಡೆ ನೋಡಿದಳು. ಅಲ್ಲಿ ಅತ್ತೆ ಬೆನ್ನು ತಿರುಗಿಸಿ ನಿಂತಿದ್ದಳು. ಅವಳ ಕಿವಿ ಕೆಂಪಗಾಗಿತ್ತು.

ಬೆನ್ನು ತಿರುಗಿಸಿ ನಿಲ್ಲುವುದು ಶಿಕ್ಷೆಯಲ್ಲ, ಚಾಕು ಕೂಟದ ರೂಲು. ಪ್ರತಿ ತಿಂಗಳ ಮೊದಲ ಭಾನುವಾರ ಬಡಗಿ ತಾತನ ವರ್ಕ್‌ಶಾಪಿನಲ್ಲಿ ಕೂಟ ಸೇರುತ್ತದೆ. ಜೇಬಿನಲ್ಲಿಟ್ಟುಕೊಳ್ಳುವ ಮಡಿಚುವ ಚಾಕು ಎಂದರೆ ಇಲ್ಲಿಯವರಿಗೆ ಪ್ರಾಣ. ಯಾವುದೇ ಹೊಸ ಚಾಕು ಬಂದರೂ ತೂಗುತ್ತಾರೆ, ತೆಗೆಯುತ್ತಾರೆ, ಮುಚ್ಚುತ್ತಾರೆ, ದಾರ ಕತ್ತರಿಸುತ್ತಾರೆ, ಪೆನ್ಸಿಲ್ ಹೆರೆಯುತ್ತಾರೆ. ಅಷ್ಟೂ ಹೊತ್ತು ಚಾಕು ಮಾಡಿದವರು ಕಿಟಕಿಯ ಕಡೆ ತಿರುಗಿ ನಿಲ್ಲಬೇಕು. ತುಟಿ ಪಿಟಿಕ್ ಎನ್ನಬಾರದು. ಅವರ ಮುಖ ನೋಡಿದರೆ ಪಾಪ ಅನ್ನಿಸಿ ನಿಜ ಹೇಳಲು ಆಗುವುದಿಲ್ಲವಂತೆ.

ಚಾಕು ಹಿಡಿಸಿದರೆ ಒಬ್ಬೊಬ್ಬರೂ ಮರದ ಸುತ್ತಿಗೆಯಿಂದ ಮೇಜಿಗೆ ಒಂದು ಏಟು ಹಾಕಬೇಕು. ಎಲ್ಲರ ಏಟೂ ಬಿದ್ದರೆ ಚಾಕು ಪಾಸು. ಪಾಸಾದ ಚಾಕು ನೇರ ಅಂಗಡಿ ಮಾಮನ ಹಾರ್ಡ್‌ವೇರ್ ಅಂಗಡಿಯ ಗಾಜಿನ ಶೆಲ್ಫಿಗೆ ಹೋಗುತ್ತದೆ. ಒಂದು ಏಟು ಕಮ್ಮಿಯಾದರೂ ಇಲ್ಲ.

ಅತ್ತೆ ಮೊದಲು ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಅದನ್ನು ಬಿಟ್ಟು ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ವಂತ ಚಾಕು ಕಂಪನಿ ಶುರು ಮಾಡಿದ್ದಳು. ಕಂಪನಿಗೆ ಮಾಲೀಕಳೂ ಅವಳೇ, ಕೆಲಸದವಳೂ ಅವಳೇ, ವಾಚ್‌ಮನ್ನೂ ಅವಳೇ. ಆರು ತಿಂಗಳ ಹಿಂದೆ ಅವಳ ಮೊದಲ ಚಾಕು ಇದೇ ಮೇಜಿನ ಮೇಲೆ ಕೂತಿತ್ತು. ಅದಕ್ಕೆ ಒಂದೇ ಒಂದು ಏಟೂ ಬೀಳಲಿಲ್ಲ. "ಇದು ಚಾಕುನಾ, ಕಬ್ಬಿಣದ ಇಟ್ಟಿಗೆನಾ?" ಎಂದು ಅಂಗಡಿ ಮಾಮ ಕೇಳಿದ್ದರು.

ಅವತ್ತಿನಿಂದ ಅತ್ತೆ ಊಟದ ಹೊತ್ತಿನಲ್ಲಿ ಜೋಕು ಹೇಳುವುದನ್ನೇ ಬಿಟ್ಟಿದ್ದಳು. ಅವಳ ಜೋಕುಗಳು ಏನೂ ಚೆನ್ನಾಗಿರಲಿಲ್ಲ, ನಿಜ. ಆದರೆ ಅವು ಇಲ್ಲದ ಮನೆ ಬಿಕೋ ಎನ್ನುತ್ತಿತ್ತು. ಇವತ್ತು ಹೇಗಾದರೂ ಚಾಕು ಪಾಸಾಗಲೇಬೇಕು ಎಂದು ಚೂಟಿ ಬೆಳಗ್ಗೆಯಿಂದ ನೂರು ಸಲ ಅಂದುಕೊಂಡಿದ್ದಳು.

"ಹಿಡಿ ನೋಡಿ, ಎಷ್ಟು ನುಣುಪು!" ಡ್ರಾಯಿಂಗ್ ಮಿಸ್ ಚಾಕುವಿನ ಹಿಡಿಯನ್ನು ಸವರಿದರು. ಅವರು ಶಾಪ್ನರ್ ಅಂದರೆ ಮೂಗು ಮುರಿಯುವವರು. ಕ್ಲಾಸಿನಲ್ಲೂ ಪೆನ್ಸಿಲನ್ನು ಚಾಕುವಿನಲ್ಲೇ ಹೆರೆಯುತ್ತಾರೆ. ಈಗ ಒಂದು ಪೆನ್ಸಿಲ್ ತೆಗೆದು ಸರ್ರನೆ ಹೆರೆದರು. ಸಿಪ್ಪೆ ಎಲ್ಲೂ ತುಂಡಾಗದೆ ಸುರುಳಿ ಸುರುಳಿಯಾಗಿ ಮೇಜಿಗೆ ಬಿತ್ತು.

"ಆಹಾ!" ಎಂದರು ಮಿಸ್.

ಬಡಗಿ ತಾತ ಸುಲಭಕ್ಕೆ ಆಹಾ ಅನ್ನುವವರಲ್ಲ. ಅವರು ಚಾಕುವನ್ನು ಕಿವಿಯ ಹತ್ತಿರ ಹಿಡಿದು ಬಿಚ್ಚಿದರು. ಟಕ್. ಮುಚ್ಚಿದರು. ಟಿಕ್. ಹತ್ತು ಸಲ ಹಾಗೇ ಮಾಡಿದರು. ಅಲಗನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ಲಾಕನ್ನ ಬೆನ್ನಿಂದ ತೆಗೆದು ಪಕ್ಕಕ್ಕೆ ಹಾಕಿದಾಳೆ. ಅದಕ್ಕೇ ಇಷ್ಟು ತೆಳ್ಳಗಾಗಿದೆ. ಕಿಲಾಡಿ!"

ಕಿಟಕಿಯ ಬಳಿ ಅತ್ತೆಯ ಹೆಗಲು ಒಂದಿಂಚು ಮೇಲೆದ್ದಿತು. ಚೂಟಿಗೆ ಕುಣಿಯೋಣ ಅನ್ನಿಸಿತು.

"ಈಗ ನಮ್ಮ ಹೊಸ ಮೆಂಬರು," ಎಂದರು ತಾತ. ಹತ್ತು ವರ್ಷ ತುಂಬಿದವರಿಗೆ ಕೂಟದಲ್ಲಿ ಜಾಗ. ಚೂಟಿಗೆ ಹೋದ ವಾರವಷ್ಟೇ ಹತ್ತು ತುಂಬಿತ್ತು. ತಾತ ಅಲಗಿನ ಅಂಚಿಗೆ ದಪ್ಪ ಟೇಪು ಅಂಟಿಸಿ ಚಾಕುವನ್ನು ಅವಳ ಮುಂದೆ ಇಟ್ಟರು. "ನಿಧಾನಕ್ಕೆ, ಹ್ಞಾಂ?"

ಚೂಟಿ ಎಂದಿನಂತೆ ಎಡಗೈಯಲ್ಲಿ ಚಾಕು ಹಿಡಿದಳು. ಅವಳು ಬರೆಯುವುದು, ಹಲ್ಲುಜ್ಜುವುದು, ಚೆಂಡು ಎಸೆಯುವುದು ಎಲ್ಲ ಎಡಗೈಯಲ್ಲೇ. ಬಿಚ್ಚಲು ಅಲಗಿನ ಎರಡೂ ಬದಿಗೆ ಪುಟ್ಟ ಗುಂಡಿ ಇತ್ತು. ಹೆಬ್ಬೆರಳಿನಿಂದ ತಳ್ಳಿದಳು. ಟಕ್! ಎಷ್ಟು ಹಗುರ!

ಮುಚ್ಚಲು ಹೋದಳು. ಬಿಚ್ಚಿದ ಅಲಗನ್ನು ಹಿಡಿದಿಡುವ ಲಾಕನ್ನು ಹೆಬ್ಬೆರಳು ಹುಡುಕಿತು. ಸಿಗಲಿಲ್ಲ. ಲಾಕಿನ ತಗಡು ಆಚೆ ಬದಿಯಲ್ಲಿತ್ತು. ಬಲಗೈಯಲ್ಲಿ ಹಿಡಿದವರ ಹೆಬ್ಬೆರಳು ಸರಿಯಾಗಿ ಅದರ ಮೇಲೆ ಕೂರುತ್ತದೆ. ಎಡಗೈಯವರು ತೋರುಬೆರಳನ್ನು ಡೊಂಕು ಮಾಡಿ ಒಳಗೆ ತೂರಿಸಬೇಕು. ಹಾಗೆ ತೂರಿಸಿದರೆ ಬೆರಳು ಇರುವುದು ಅಲಗು ಬಂದು ಕೂರುವ ದಾರಿಯಲ್ಲೇ. ಟೇಪು ಇಲ್ಲದಿದ್ದರೆ?

ಹಳೆಯ ಚಾಕು ಇಟ್ಟಿಗೆಯ ಹಾಗೆ ಇದ್ದರೂ ಅದರ ಲಾಕು ಬೆನ್ನಿನ ಮೇಲಿತ್ತು. ಅದನ್ನು ಚೂಟಿ ಆರಾಮಾಗಿ ಮುಚ್ಚುತ್ತಿದ್ದಳು.

ಅವಳು ಮೆಲ್ಲಗೆ ಸುತ್ತ ನೋಡಿದಳು. ಅಂಗಡಿ ಮಾಮ ಮಿಸ್ ಹತ್ತಿರ ಏನೋ ಹೇಳಿ ನಗುತ್ತಿದ್ದರು. ತಾತ ಸುತ್ತಿಗೆಗಾಗಿ ತಡಕಾಡುತ್ತಿದ್ದರು. ಯಾರೂ ನೋಡುತ್ತಿರಲಿಲ್ಲ. ಚೂಟಿ ಚಾಕುವನ್ನು ಗಬಕ್ಕನೆ ಬಲಗೈಗೆ ಬದಲಾಯಿಸಿ ಒತ್ತಿದಳು. ಟಿಕ್.

"ಹೇಗಿದೆ?" ತಾತ ಕೇಳಿದರು.

"ಸೂಪರ್," ಎಂದಳು ಚೂಟಿ. ಅವಳ ದನಿ ಅವಳಿಗೇ ಸಣ್ಣಗೆ ಕೇಳಿಸಿತು.

ಬಡಗಿ ತಾತ ಸುತ್ತಿಗೆ ಎತ್ತಿ ಮೇಜಿಗೆ ಒಂದು ಏಟು ಹಾಕಿದರು. ಧಡ್! ಪೆನ್ಸಿಲ್ ಸಿಪ್ಪೆ ಹಾರಿತು. ಡ್ರಾಯಿಂಗ್ ಮಿಸ್ ಎರಡನೆಯ ಏಟು ಹಾಕಿದರು. ಅಂಗಡಿ ಮಾಮನ ಮೂರನೆಯ ಏಟಿಗೆ ತಕ್ಕಡಿಯೇ ನೆಗೆದು ಕೂತಿತು.

"ಶೆಲ್ಫಲ್ಲಿ ಜಾಗ ರೆಡಿ ಮಾಡೇ ಬಂದಿದೀನಿ! ಮಧ್ಯದಲ್ಲೇ ಇಡ್ತೀನಿ, ಲೈಟು ಬೀಳೋ ಕಡೆ!" ಎಂದು ಮಾಮ ಸುತ್ತಿಗೆಯನ್ನು ಚೂಟಿಯ ಕೈಗೆ ಕೊಟ್ಟರು.

ಚೂಟಿ ಎಡಗೈಯಲ್ಲಿ ಸುತ್ತಿಗೆ ಎತ್ತಿದಳು. ಕಿಟಕಿಯ ಬಳಿ ಅತ್ತೆ ಬೆರಳು ಮಡಿಚಿ ಎಣಿಸುತ್ತಿದ್ದಳು. ಮೂರು ಬೆರಳು ಮಡಿಚಿತ್ತು. ನಾಲ್ಕನೆಯದು ಕಾಯುತ್ತಾ ನಿಂತಿತ್ತು.

ಹೊಡೆದುಬಿಟ್ಟರೆ ಮುಗಿಯಿತು. ಅತ್ತೆ ತಿರುಗಿ ನಗುತ್ತಾಳೆ. ರಾತ್ರಿ ಊಟಕ್ಕೆ ಜೋಕು ಹೇಳುತ್ತಾಳೆ. ಆಮೇಲೆ ಚೂಟಿಯ ಹಾಗೆಯೇ ಎಡಗೈಯ ಹುಡುಗಿ ಯಾರೋ ಅಂಗಡಿಗೆ ಬಂದು ಈ ಚಾಕು ಕೊಳ್ಳುತ್ತಾಳೆ. ಅದಕ್ಕೆ ಟೇಪು ಇರುವುದಿಲ್ಲ.

ಸುತ್ತಿಗೆ ಮೇಲೆಯೇ ಉಳಿಯಿತು.

"ಯಾಕಮ್ಮಾ, ಭಾರನಾ? ಹಳೇ ಚಾಕುಗಿಂತ ಹಗುರಾನೇ ಇದೆ!" ಎಂದರು ಅಂಗಡಿ ಮಾಮ.

ಚೂಟಿ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ನಾನು ಸುಳ್ಳು ಹೇಳ್ದೆ," ಎಂದಳು. "ನಾನು ಬಲಗೈಯಲ್ಲಿ ಮುಚ್ಚಿದ್ದು. ಎಡಗೈಯಲ್ಲಿ ಆಗಲ್ಲ. ಬೆರಳು ಮಧ್ಯ ಸಿಕ್ಕಾಕ್ಕೊಳ್ಳತ್ತೆ."

ಅತ್ತೆ ರೂಲು ಗೀಲು ಎಲ್ಲ ಮರೆತು ತಿರುಗಿದಳು. ಅವಳ ಮುಖ ನೋಡಲಾಗದೆ ಚೂಟಿ ತನ್ನ ಚಪ್ಪಲಿ ನೋಡಿದಳು.

"ಅಯ್ಯೋ, ಎಡಗೈಯವರು ಎಷ್ಟು ಜನ ಇರ್ತಾರೆ? ಒಬ್ರೋ ಇಬ್ರೋ," ಎಂದರು ಅಂಗಡಿ ಮಾಮ. "ಸ್ವಲ್ಪ ಅಭ್ಯಾಸ ಮಾಡ್ಕೊಂಡ್ರೆ ಬರತ್ತೆ. ಇಲ್ಲಿ ಕೊಡಿ, ನಾನು ತೋರಿಸ್ತೀನಿ."

ಮಾಮ ಎಡಗೈಯಲ್ಲಿ ಚಾಕು ಹಿಡಿದರು. ಬಿಚ್ಚಿದರು. ಮುಚ್ಚಲು ಹೋದರು. ಬೆರಳನ್ನು ಒಳಗೆ ತೂರಿಸಿದರು, ಹೊರಗೆ ತೆಗೆದರು, ಕೈ ತಿರುಗಿಸಿದರು, ಕೊನೆಗೆ ತಾವೇ ಒಂದು ಸುತ್ತು ತಿರುಗಿದರು. ಚಾಕು ಮುಚ್ಚಲಿಲ್ಲ. ನಾಲಿಗೆ ಮಾತ್ರ ಹೊರಗೆ ಬಂದಿತ್ತು.

"ಕೊಡಿ ಇಲ್ಲಿ," ಎಂದು ಮಿಸ್ ಕಿತ್ತುಕೊಂಡರು. ಅಲಗು ಟೇಪಿನ ಸಮೇತ ಅವರ ಬೆರಳ ಮೇಲೆ ಕೂತಿತು. "ಅಮ್ಮಾ!" ಎಂದು ಚಾಕುವನ್ನು ಕೈಬಿಟ್ಟರು.

ಬಡಗಿ ತಾತ ಗಂಭೀರವಾಗಿ ಅದನ್ನು ಎತ್ತಿಕೊಂಡರು. ಐವತ್ತು ವರ್ಷದಿಂದ ಉಳಿ, ಗರಗಸ, ಬಾಚಿ ಆಡಿಸಿದ ಕೈ ಅದು. ಆದರೆ ಅದು ಬಲಗೈ. ಅವರ ಎಡಗೈ ಮೊದಲ ಸಲ ಅಕ್ಷರ ತಿದ್ದುವ ಮಗುವಿನ ಹಾಗೆ ನಡುಗಿತು. ತಾತನ ಹಣೆಯ ಮೇಲೆ ಬೆವರು ಮೂಡಿತು.

"ಥೂ, ಇದು ನನ್ನ ಕೈಯೇ ಅಲ್ಲ!" ಎಂದರು ತಾತ.

ಚೂಟಿಗೆ ತಡೆಯಲಾಗಲಿಲ್ಲ. ಪಕ್ಕನೆ ನಕ್ಕಳು. ಕಣ್ಣಲ್ಲಿ ನೀರು ಇದ್ದಾಗಲೇ ನಗು ಬಂದದ್ದರಿಂದ ಮೂಗಿನಿಂದ ವಿಚಿತ್ರ ಸದ್ದು ಬಂತು. ಆ ಸದ್ದಿಗೆ ಮಿಸ್ ನಕ್ಕರು. ಅಂಗಡಿ ಮಾಮ ಹೊಟ್ಟೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಇನ್ನೊಬ್ಬರಿದ್ದರು. ಚೂಟಿ ತಲೆ ಎತ್ತಿ ನೋಡಿದಳು. ಅತ್ತೆ!

"ಐದು ಸಾವಿರ ಸಲ!" ಅತ್ತೆ ಕಣ್ಣು ಒರೆಸಿಕೊಂಡಳು. "ಐದು ಸಾವಿರ ಸಲ ಬಿಚ್ಚಿ ಮುಚ್ಚಿ ಟೆಸ್ಟ್ ಮಾಡಿದೀನಿ, ಗೊತ್ತಾ? ಐದು ಸಾವಿರ ಸಲಾನೂ ಇದೇ ಕೈ!" ಅವಳು ತನ್ನ ಬಲಗೈಯನ್ನು ಎತ್ತಿ ಅದಕ್ಕೇ ಬೈಯುವವಳಂತೆ ನೋಡಿದಳು. "ನಮ್ಮನೇಲೇ ಎಡಗೈ ಓಡಾಡ್ಕೊಂಡಿದೆ. ನನಗೆ ಹೊಳೀಲೇ ಇಲ್ಲ!"

"ಅತ್ತೆ, ಬೇಜಾರಾ?" ಚೂಟಿ ಕೇಳಿದಳು.

"ಆಗದೆ ಏನು? ಒಂಚೂರು ಆಯ್ತು," ಎಂದಳು ಅತ್ತೆ. "ಎಲ್ಲಿ, ನಿಧಾನಕ್ಕೆ ಇನ್ನೊಂದ್ಸಲ ಮಾಡಿ ತೋರ್ಸು. ಎಲ್ಲಿ ಸಿಕ್ಕಾಕ್ಕೊಳ್ಳತ್ತೆ?"

ಚೂಟಿ ತೋರಿಸಿದಳು. ಅತ್ತೆ ಮೇಜಿನ ಮೇಲೆ ಗಲ್ಲ ಊರಿ, ಚಾಕು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಕೂತು ನೋಡಿದಳು. "ಹೂಂ... ಹೂಂ..." ಎನ್ನುತ್ತಿದ್ದಳು. ಆಮೇಲೆ ತಾತನ ಹತ್ತಿರ ಕಾಗದ ಕೇಳಿದಳು, ಮಿಸ್ ಹತ್ತಿರ ಆಗಷ್ಟೇ ಹೆರೆದ ಪೆನ್ಸಿಲ್ ಕಸಿದುಕೊಂಡಳು.

"ತಗಡು ಬೇಡ. ಅಡ್ಡಕ್ಕೆ ಒಂದು ಕಡ್ಡಿ ಹಾಕಿದ್ರೆ? ಈ ಕಡೆಯಿಂದಾನೂ ಎಳೀಬಹುದು, ಆ ಕಡೆಯಿಂದಾನೂ ಎಳೀಬಹುದು," ಎಂದು ಗೆರೆ ಎಳೆದಳು.

"ಸ್ಪ್ರಿಂಗ್ ಎಲ್ಲಿ ಕೂರಿಸ್ತೀಯಾ?" ತಾತ ಬಗ್ಗಿದರು.

"ಅದೇ ಯೋಚ್ನೆ ಮಾಡ್ತಿದೀನಿ, ತಾತ, ಸ್ವಲ್ಪ ಸುಮ್ನಿರಿ."

"ಹಾಗಾದ್ರೆ ನನ್ನ ಶೆಲ್ಫು?" ಅಂಗಡಿ ಮಾಮ ಕೇಳಿದರು.

"ಖಾಲಿ ಇರ್ಲಿ. ಧೂಳು ಹೊಡೀತಿರಿ," ಎಂದಳು ಅತ್ತೆ, ತಲೆ ಎತ್ತದೆ.

ಮಾಮ ಪೆಚ್ಚು ಮೋರೆ ಹಾಕಿಕೊಂಡು ತಾವೂ ಬಗ್ಗಿ ನೋಡತೊಡಗಿದರು. ಈಗ ಐದು ತಲೆಗಳು ಒಂದೇ ಕಾಗದದ ಮೇಲೆ ಒಟ್ಟಿಗೆ ಕೂಡಿದವು. ಸುತ್ತಿಗೆ ಯಾರಿಗೂ ನೆನಪಿರಲಿಲ್ಲ.

"ಕೈ ಕೊಡು," ಎಂದಳು ಅತ್ತೆ. ಚೂಟಿ ಅಭ್ಯಾಸಬಲದಿಂದ ಬಲಗೈ ಮುಂದೆ ಮಾಡಿದಳು. ಯಾರೇ ಕೈ ಕೇಳಿದರೂ ಆ ಕೈಯನ್ನೇ ತಾನೇ ಕೇಳುವುದು?

"ಅದಲ್ಲ ಕಣೇ. ಆ ಕೈ."

ಚೂಟಿ ಎಡಗೈಯನ್ನು ಕಾಗದದ ಮೇಲೆ ಅಗಲಿಸಿ ಇಟ್ಟಳು. ಅತ್ತೆ ಹೆಬ್ಬೆರಳಿನ ಬುಡದಿಂದ ಶುರು ಮಾಡಿ ಒಂದೊಂದೇ ಬೆರಳಿನ ಸುತ್ತ ಪೆನ್ಸಿಲ್ ಓಡಿಸಿದಳು. ಕಚಗುಳಿಯಾಯಿತು. "ಅಲ್ಲಾಡಿಸಬೇಡ," ಎಂದಳು ಅತ್ತೆ. ಆರು ತಿಂಗಳಲ್ಲಿ ಮೊದಲ ಸಲ ಅವಳು ಯಾವುದೋ ಹಾಡನ್ನು ತಪ್ಪುತಪ್ಪಾಗಿ ಗುನುಗುತ್ತಿದ್ದಳು.

ಚಾಕು ಪಾಸಾಗಿರಲಿಲ್ಲ. ಶೆಲ್ಫು ಖಾಲಿ ಇತ್ತು. ಆದರೂ ಅತ್ತೆ ಹಾಡುತ್ತಿದ್ದಾಳಲ್ಲ ಎಂದು ಚೂಟಿ ಅವಳ ಮುಖವನ್ನೇ ನೋಡುತ್ತಾ ಕೂತಳು.

ಕಿರುಬೆರಳಿನ ಗೆರೆ ಮುಗಿಸಿ ಅತ್ತೆ ಕೇಳಿದಳು, "ಇನ್ನೇನಾದ್ರೂ ತೊಂದ್ರೆ ಇದೆಯಾ ಇದರಲ್ಲಿ? ಬೇರೆ ಏನಾದ್ರೂ?"

ಚೂಟಿ ಚಾಕುವನ್ನು ಎಡಗೈಗೆ ಎತ್ತಿಕೊಂಡು ತಿರುಗಿಸಿ ನೋಡಿದಳು.

"ಇದೆ," ಎಂದಳು ಜೋರಾಗಿ, ಮತ್ತು ಕುರ್ಚಿಯನ್ನು ಅತ್ತೆಯ ಪಕ್ಕಕ್ಕೆ ಎಳೆದುಕೊಂಡಳು.