ಹಾಡು ತೂಗುವ ಕನ್ನಡಿ

ಬಲು ಹಿಂದೆ, ಏಳು ಬೆಟ್ಟಗಳಾಚೆ ತುಂಬೆಪುರವೆಂಬ ರಾಜ್ಯವಿತ್ತು. ಅಲ್ಲಿಗೆ ಧೂಮಕೇಶನೆಂಬ ಮಾಂತ್ರಿಕ ಆನೆಯೆತ್ತರದ ಕನ್ನಡಿಯೊಂದನ್ನು ತಂದು ಅರಮನೆಯ ಅಂಗಳದಲ್ಲಿ ನಿಲ್ಲಿಸಿದ. ಅದರ ಮುಂದೆ ನಿಂತರೆ ಸಾಕು, ಒಳಗಿನಿಂದ ವೀಣೆ ಮದ್ದಳೆ ನುಡಿಯುತ್ತಿದ್ದವು. ಹಾಡಿನ ಸಾಲುಗಳು ಹೊಳೆಯುವ ಅಕ್ಷರಗಳಲ್ಲಿ ಮೂಡಿ ಸಾಗುತ್ತಿದ್ದವು. ಸ್ವರ ಸರಿಯಾಗಿ ಹಿಡಿದರೆ ಚೌಕಟ್ಟಿನ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.

ಮೊದಮೊದಲು ಅದರಿಂದ ಒಳ್ಳೆಯದೇ ಆಯಿತು. ನಾಲ್ಕು ಜನರೆದುರು ತಲೆಯೆತ್ತದ ಕುಂಬಾರ ಅಲ್ಲಿ ಕಂಠ ಬಿಚ್ಚಿ ಹಾಡಿದ. ಮಾತು ಬಿಟ್ಟಿದ್ದ ಅತ್ತೆ ಸೊಸೆ ಜೋಡಿಹಾಡು ಹಾಡಿ ನಕ್ಕರು. ಆಮೇಲೆ ಧೂಮಕೇಶ ಕಟ್ಟಳೆ ತಂದ: ದೀಪಗಳೆಲ್ಲ ಹೊತ್ತದಿದ್ದರೆ ಹಾಡಿದವರ ದನಿ ಕನ್ನಡಿಯ ಪಾಲು. ಜನ ಹಿಂಜರಿಯಲಿಲ್ಲ. "ಅವನಿಗೆ ಒಂದೇ ದೀಪ ಉಳಿದಿತ್ತು, ನಾನಾದರೆ ಹೊತ್ತಿಸುತ್ತಿದ್ದೆ," ಎನ್ನುತ್ತಾ ಸಾಲುಗಟ್ಟಿದರು, ಮೂಕರಾದರು. ಬೇಡವೆನ್ನಬೇಕಿದ್ದ ಮಹಾರಾಜನೂ ಹಾಡಿ ಮೂಕನಾದ.

ಅರಮನೆಗೆ ನೀರು ಹೊರುವ ಸಂಕವ್ವನ ತಂಗಿ ಕೆಂಚಿಯೂ ದನಿ ಕಳೆದುಕೊಂಡಳು. ಆ ಇಬ್ಬರಿಗೆ ಬೇರೆ ಯಾರೂ ಇರಲಿಲ್ಲ. ದಿನವಿಡೀ ಕೊಡ ಹೊತ್ತು ಮನೆಗೆ ಬಂದರೆ "ಬಂದೆಯಾ ಅಕ್ಕಾ" ಎನ್ನುವ ಮಾತಿಲ್ಲ. ಒಂದು ಮಧ್ಯಾಹ್ನ ಸಂಕವ್ವ ಕೊಡ ಕೆಳಗಿಟ್ಟು ಕನ್ನಡಿಯೆದುರು ನಿಂತಳು.

"ನನ್ನ ತಂಗಿಯ ದನಿ ಕೊಡು," ಎಂದಳು.

"ಮೂರು ಸಲ ಹಾಡಿ ಗೆದ್ದರೆ ಕೊಡುತ್ತೇನೆ," ಎಂದ ಮಾಂತ್ರಿಕ. "ಸೋತರೆ ನಿನ್ನದೂ ನನ್ನದೇ."

"ಆಗಲಿ. ಬೇಗ ಶುರು ಮಾಡು, ಕಾಲು ನೋಯುತ್ತಿದೆ."

ಮೊದಲ ಹಾಡು ಬಂತು. ಸಂಕವ್ವನಿಗೆ ಓದು ಬಾರದು. ವೀಣೆ ಹೋದತ್ತ ಸುಮ್ಮನೆ "ಹೂಂ, ಹೂಂ" ಎಂದು ಗುನುಗಿದಳು. ದೀಪಗಳೆಲ್ಲ ಹೊತ್ತಿಕೊಂಡವು. ಕನ್ನಡಿಗೆ ಸ್ವರ ತಿಳಿಯುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಎರಡನೆಯದು ಜೋಡಿಹಾಡು. ಅವಳ ಜೊತೆ ಹಾಡಲು ಕನ್ನಡಿಯೊಳಗಿಂದ ಹುಲಿಯೊಂದು ಹೊರಬಂತು. ತನ್ನ ಸಾಲು ಬಂದಾಗ ಗರ್ಜಿಸಿ ಸ್ವರ ಕೆಡಿಸುವುದು ಅದರ ಕೆಲಸ. ಆದರೆ ಅದರ ಕಣ್ಣು ಮಂಕಾಗಿತ್ತು.

"ಇದರೊಳಗಿರುವುದೇ ನಾಲ್ಕಾರು ಹಾಡು ತಾಯಿ," ಎಂದಿತು ಹುಲಿ ಮೆಲ್ಲನೆ. "ಅವನ್ನೇ ಕೇಳಿ ಕೇಳಿ ಸಾಕಾಗಿದೆ."

"ನನಗೂ ಸಾಕಾಗಿದೆ ಹುಲಿಯಪ್ಪ. ನೀನು ಮಲಗು. ನಿನ್ನ ಸಾಲನ್ನೂ ನಾನೇ ಹೇಳುತ್ತೇನೆ."

ಹುಲಿ ಪಂಜದ ಮೇಲೆ ತಲೆಯಿಟ್ಟು ಮಲಗಿತು. ಸಂಕವ್ವ ಇಬ್ಬರ ಸಾಲನ್ನೂ ಹಾಡಿದಳು. ಯಾರು ಹಾಡಿದರೆಂದು ಕನ್ನಡಿ ಕೇಳಲಿಲ್ಲ, ದೀಪಗಳು ಹೊತ್ತಿಕೊಂಡವು.

ಮಾಂತ್ರಿಕ ಕೆರಳಿದ. ಮೂರನೆಯ ಹಾಡನ್ನು ಕುದುರೆಯ ಓಟದಲ್ಲಿ ಓಡಿಸಿದ. ಸಂಕವ್ವ ಎರಡು ಸಾಲಿಗೇ ಏದುಸಿರು ಬಿಟ್ಟಳು. ದೀಪಗಳು ಆರತೊಡಗಿದವು. ತೂತುಬಿದ್ದ ಕೊಡದ ನೀರಿನಂತೆ ಅವಳ ದನಿ ಸೋರತೊಡಗಿತು. ನೆರೆದವರ ನಡುವಿನಿಂದ ಕೆಂಚಿ ಓಡಿಬಂದು ಅಕ್ಕನ ಕೈ ಹಿಡಿದಳು.

ಸಂಕವ್ವ ಕನ್ನಡಿಗೆ ಬೆನ್ನು ಮಾಡಿದಳು. ತಂಗಿಯ ಮುಖ ನೋಡುತ್ತಾ, ಉಳಿದ ಉಸಿರಿನಲ್ಲಿ, ಅವ್ವ ಹೇಳುತ್ತಿದ್ದ ಬೀಸುಕಲ್ಲಿನ ಪದವನ್ನು ಎತ್ತಿಕೊಂಡಳು. ಅಲ್ಲಿ ನಿಂತಳು, ಇಲ್ಲಿ ಎಳೆದಳು, ಆಯಾಸವಾದಲ್ಲಿ ನಿಟ್ಟುಸಿರಿಟ್ಟಳು. ಆ ಪದ ಕನ್ನಡಿಯಲ್ಲಿ ಇರಲಿಲ್ಲ. ಒಳಗೆ ಸೆರೆಯಾಗಿದ್ದ ದನಿಗಳಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಒಂದು ದನಿ ಸೋ ಎಂದು ದನಿಗೂಡಿಸಿತು. ಇನ್ನೊಂದು ತನ್ನ ಮನೆಯ ಸಾಲು ಸೇರಿಸಿತು. ಮತ್ತೊಂದು ತನ್ನದೇ ಶ್ರುತಿಯಲ್ಲಿ ಏರಿತು. ಯಾವುದನ್ನು ತೂಗಬೇಕೆಂದು ಕನ್ನಡಿಗೆ ತಿಳಿಯಲಿಲ್ಲ. ದೀಪಗಳು ಹೊತ್ತಿ ಆರಿ, ಆರಿ ಹೊತ್ತಿ, ಕೊನೆಗೆ ಸಿಡಿದು ಉದುರಿದವು. ದನಿಗಳೆಲ್ಲ ಹೊರಗೆ ಹಾರಿ ತಂತಮ್ಮ ಕಂಠ ಸೇರಿದವು.

ಧೂಮಕೇಶ ಮಂತ್ರ ಹೇಳಲು ಬಾಯಿ ತೆರೆದ. ಸದ್ದೇ ಬರಲಿಲ್ಲ. ಅವನು ಈವರೆಗೆ ಮಾತಾಡಿದ್ದೂ ಹಿಂದೆಲ್ಲೋ ಕದ್ದ ದನಿಯಲ್ಲೇ, ಅದೂ ಹಾರಿಹೋಗಿತ್ತು. ಮಂತ್ರವಿಲ್ಲದ ಮಾಂತ್ರಿಕ ತಲೆ ತಗ್ಗಿಸಿ ಊರಾಚೆ ನಡೆದ.

"ಒಡೆದುಹಾಕಿ ಈ ಕನ್ನಡಿಯನ್ನು!" ಎಂದ ಮಹಾರಾಜ.

"ಬೇಡ ಪ್ರಭು," ಎಂದ ಕುಂಬಾರ. "ದೀಪವಿಲ್ಲದಿದ್ದರೇನು, ವೀಣೆ ನುಡಿಯುತ್ತದಲ್ಲ. ನನ್ನಂಥವನಿಗೆ ಬಾಯಿ ಬಂದದ್ದು ಅದರ ಮುಂದೆಯೇ."

ಮಹಾರಾಜ ಒಪ್ಪಿದ. ಅಂದಿನಿಂದ ಅಲ್ಲಿ ಹಾಡುವವರು ಹಾಡಿದರು, ತಪ್ಪಿದವರು ನಕ್ಕು ಮತ್ತೆ ಹಾಡಿದರು. ತುಂಬೆಪುರದ ಮನೆಮನೆಯಲ್ಲೂ ಮಾತು ತುಂಬಿತು, ಎಲ್ಲರೂ ತಣ್ಣಗೆ ಬಾಳಿದರು. ಸಂಕವ್ವ ಮಾತ್ರ ಆ ದಿನ ಹಾಡಲಿಲ್ಲ, ಕುಣಿಯಲಿಲ್ಲ. ಮನೆಗೆ ಹೋಗಿ, ಕೆಂಚಿ ಬಿಡದೆ ಹರಟುತ್ತಿದ್ದಂತೆಯೇ, ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು.