ತುಂಬಿದ ಕೆನ್ನೆಯ ಫೋಟೋ

“ಇದು ನಾನಲ್ಲ ಮೇಡಂ.”

ಕೌಂಟರಿನ ಆಚೆ ನಿಂತಿದ್ದ ಯುವಕ ಫೋಟೋವನ್ನು ಗಾಜಿನ ಮೇಲಿಟ್ಟು ಮೆಲ್ಲಗೆ ಅವಳ ಕಡೆಗೆ ಸರಿಸಿದ.

ಬೇರೆ ಯಾರದೋ ಕೊಟ್ಟುಬಿಟ್ಟೆನಾ? ತನ್ಮಯಿ ಬಗ್ಗಿ ನೋಡಿದಳು. ಅದೇ ಹಣೆ, ಅದೇ ಮೂಗು, ಎಡ ಹುಬ್ಬನ್ನು ಎರಡು ತುಂಡು ಮಾಡಿದ್ದ ಅದೇ ಗಾಯದ ಗುರುತು.

“ನೀವೇ ಅಲ್ವಾ ಸರ್…?”

“ಹುಬ್ಬು ನಂದೇ. ಕೆನ್ನೆ ಯಾರ್ದು?”

ಅವಳ ಮುಖ ಕೆಂಪಾಯಿತು. ಕೆನ್ನೆ ಅವಳದು! ಅಂದರೆ, ಅವಳು ತುಂಬಿಸಿದ್ದು.

ಚಾಮರಾಜಪೇಟೆಯ ಈ ಫೋಟೋ ಸ್ಟುಡಿಯೋಗೆ ಅವಳು ಸೇರಿ ಐದು ತಿಂಗಳಾಗಿತ್ತು. ಬಿ.ಎ. ಮುಗಿಸಿ, ಇಂಟರ್‌ವ್ಯೂಗಳಲ್ಲಿ ಬಾಯಿ ಬಿಡಲಾಗದೆ ವಾಪಸು ಬಂದವಳಿಗೆ, ಕಂಪ್ಯೂಟರಿನ ಮುಂದೆ ಕೂತು ಮಾತಿಲ್ಲದೆ ಮುಖಗಳನ್ನು ತಿದ್ದುವ ಈ ಕೆಲಸ ಹಾಯೆನಿಸಿತ್ತು. ಮೊಡವೆ ಅಳಿಸುವುದು, ಕಣ್ಣಿನ ಕೆಳಗಿನ ಕಪ್ಪು ತೆಗೆಯುವುದು, ಗುಳಿ ಬಿದ್ದ ಕೆನ್ನೆ ತುಂಬುವುದು… ಯಜಮಾನರು ಪಂಚಾಕ್ಷರಯ್ಯ ಮೊದಲ ದಿನವೇ ಹೇಳಿದ್ದರು. “ಕನ್ನಡಿ ಎಲ್ರ ಮನೇಲೂ ಇದೆ ಕಣಮ್ಮ. ನಮ್ಮತ್ರ ಬರೋದು ಅದನ್ನ ಮರೆಯಕ್ಕೆ.”

“ಸಾರಿ ಸರ್… ಎಲ್ರಿಗೂ ಹಾಗೇ ಮಾಡ್ತೀವಿ. ಚೆನ್ನಾಗ್ ಕಾಣ್ಲಿ ಅಂತ.”

ಅವನು ಆ ಫೋಟೋವನ್ನೇ ನೋಡುತ್ತಿದ್ದ. ಎದುರಿಗೆ ನಿಂತವನು ಇಪ್ಪತ್ತೆಂಟರ ಹುಡುಗ, ಗುಳಿ ಬಿದ್ದ ಕೆನ್ನೆ ಮಾತ್ರ ಅರವತ್ತರವರದು.

“ಮೂರು ವರ್ಷದ ಹಿಂದೆ ನಾನು ಹಿಂಗೇ ಇದ್ದೆ. ನಿಮಗೆ ಹೆಂಗ್ರೀ ಗೊತ್ತಾಯ್ತು?”

ಅವಳು ಫೋಟೋ, ಅವನ ಮುಖ ಎರಡನ್ನೂ ಮತ್ತೊಮ್ಮೆ ನೋಡಿದಳು.

“ಇದೊಂದು ಕಾರ್ಡಿಗೆ ಅಂಟಿಸ್ಬೇಕು ಮೇಡಂ. ಅಲ್ಲಿರೋರು ತಿಂಗಳು ತಿಂಗಳು ನನ್ನ ಮುಖ ನೋಡ್ತಾರೆ. ಈ ಹೀರೋನ ಕರ್ಕೊಂಡ್ ಹೋದ್ರೆ ಒಳಗೇ ಬಿಡಲ್ಲ.”

ತನ್ಮಯಿ ನಕ್ಕುಬಿಟ್ಟಳು. ಅಪರಿಚಿತನೊಬ್ಬನ ಎದುರು ತಾನು ನಕ್ಕೆ ಎಂದು ಹೊಳೆದಾಗ ಅವಳಿಗೇ ಗಾಬರಿಯಾಯಿತು.

ಕೆನ್ನೆ ಮುಟ್ಟದೆ ಎಂಟು ಕಾಪಿ ಪ್ರಿಂಟ್ ಹಾಕಿದಳು. ಅವನು ಎಂಟನ್ನೂ ಜೇಬಿಗಿಟ್ಟುಕೊಂಡು ಹೋದ. ಬಿಲ್ಲಿನ ಮೇಲೆ ಹೆಸರಿತ್ತು. ಲೋಹಿತ್, ಬಿನ್ನಿಪೇಟೆ. ಮೊದಲು ಹಾಕಿದ್ದ, ತುಂಬಿದ ಕೆನ್ನೆಯ ಆ ಒಂದು ಸ್ಯಾಂಪಲ್ ಗಾಜಿನ ಮೇಲೆಯೇ ಉಳಿದಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ತನ್ಮಯಿ ಅದನ್ನು ಡ್ರಾಯರಿಗೆ ಹಾಕಿಕೊಂಡಳು.

ಯಾಕೆ? ಅವತ್ತು ರಾತ್ರಿ ಅವಳು ಬರೆದ ಡೈರಿಯಲ್ಲೂ ಅದಕ್ಕೆ ಉತ್ತರವಿರಲಿಲ್ಲ.

* * *

ಲೋಹಿತ್ ಮತ್ತೆ ಬಂದ. ಮಾವನ ಹಳೇ ಫೋಟೋ ದೊಡ್ಡದು ಮಾಡಿಸಲು ಒಮ್ಮೆ, ಅದಕ್ಕೆ ಫ್ರೇಮ್ ಹಾಕಿಸಲು ಒಮ್ಮೆ, ಫ್ರೇಮಿನ ಬಣ್ಣ ಸರಿಯಿಲ್ಲವೆಂದು ಇನ್ನೊಮ್ಮೆ. ಕಾಟನ್‌ಪೇಟೆಯ ಅಂಗಡಿಯೊಂದರಲ್ಲಿ ಮೋಟಾರ್ ವೈಂಡಿಂಗ್ ಕೆಲಸ ಅವನದು. ಸಂಜೆ ಅವಳು ಗವಿಪುರದ ಮನೆಗೆ ನಡೆದು ಹೊರಟರೆ, “ನಂದೂ ಆ ಕಡೆನೇ” ಎಂದು ಜೊತೆಗೆ ಬರುತ್ತಿದ್ದ.

ಎಂಟನೆಯ ದಿನ ತನ್ಮಯಿ ತಲೆ ತಗ್ಗಿಸಿಕೊಂಡೇ ಕೇಳಿದಳು. “ಬಿನ್ನಿಪೇಟೆ ಯಾವಾಗಿಂದ ಗವಿಪುರದ ಕಡೆ ಬಂತು?”

“ಅಬ್ಬಾ! ಮಾತು ಬರುತ್ತೆ ನಿಮಗೆ!”

ಆದರೆ ಒಂದು ವಿಷಯ ಅವಳ ಕಣ್ಣಿಗೆ ಬಿದ್ದಿತ್ತು. ದಾರಿಯಲ್ಲಿ ನೀರಿನ ನಲ್ಲಿ ಕಂಡಲ್ಲೆಲ್ಲ ಅವನು ಚಪ್ಪಲಿ ಬಿಟ್ಟು ಕಾಲಿಗೆ ನೀರು ಬಿಟ್ಟುಕೊಳ್ಳುತ್ತಿದ್ದ. ಜನವರಿಯ ಚಳಿಯಲ್ಲಿ!

“ಅಷ್ಟೊಂದು ಸೆಕೆನಾ?”

“ಸೆಕೆ ಅಲ್ಲ… ಉರಿ. ಅಂಗಾಲಲ್ಲಿ ಮೆಣಸಿನಪುಡಿ ತಿಕ್ಕಿದಂಗೆ.” ನಲ್ಲಿ ನಿಲ್ಲಿಸಿ ಅವನು ನೇರವಾಗಿ ನಿಂತ. “ಹೇಳ್ಬಿಡ್ತೀನಿ. ಕೇಳಿ, ಆಮೇಲೆ ಬೇಕಾದ್ರೆ ರಸ್ತೆ ದಾಟಿ ಆ ಕಡೆಯಿಂದ ಹೋಗಿ.”

ಅವನು ಹೇಳಿದ. ಧ್ವನಿ ಎತ್ತಲಿಲ್ಲ, ತನ್ನನ್ನು ತಾನು ಕರುಣೆಯಿಂದ ನೋಡಿಕೊಳ್ಳಲಿಲ್ಲ.

“ಇಪ್ಪತ್ತೊಂದನೇ ವಯಸ್ಸಲ್ಲಿ ಶುರು ಮಾಡಿದ್ದು. ನೋವಿನ ಇಂಜೆಕ್ಷನ್ನ ನಶೆಗೆ ಅಂತ ಚುಚ್ಕೊಳ್ತಿದ್ವಿ. ಐದು ಜನಕ್ಕೆ ಒಂದು ಸೂಜಿ. ಬಿಟ್ಟು ನಾಲ್ಕು ವರ್ಷ ಆಯ್ತು. ನಾನು ಸೂಜಿ ಬಿಟ್ಟೆ, ಅದು ತಂದಿದ್ದು ನನ್ನ ಬಿಡ್ಲಿಲ್ಲ. ಎಚ್‌ಐವಿ. ಆ ಫೋಟೋ ಅಂಟಿಸಿದ್ದು ಮಾತ್ರೆ ಕಾರ್ಡಿಗೆ. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು.”

ರಸ್ತೆಯಲ್ಲಿ ಸ್ಕೂಟರುಗಳು ಹೋಗುತ್ತಲೇ ಇದ್ದವು. ತನ್ಮಯಿಯ ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

“ಕಾಲುರಿ… ಡಾಕ್ಟರಿಗೆ ಹೇಳಿದ್ರಾ?”

“ಒಂದ್ಸಲ ಹೇಳಿದೆ. ಅವತ್ತು ಯಾರೋ ಹೊಸಬರು ಕೂತಿದ್ರು. ‘ಸೂಜಿ ಗಿರಾಕಿ ಅಲ್ವಾ? ನೋವು ಅಂದ್ರೆ ನೋವಿನ ಇಂಜೆಕ್ಷನ್ ಸಿಗುತ್ತೆ ಅಂತ ಬಂದಿದೀಯ’ ಅಂದ್ರು. ಆವತ್ತಿಂದ ಯಾರು ಕೇಳಿದ್ರೂ ಚೆನ್ನಾಗಿದೀನಿ ಅಂತೀನಿ.”

ಅವಳು ರಸ್ತೆ ದಾಟಲಿಲ್ಲ. ಆದರೆ ಮನೆಗೆ ಹೋದವಳೇ, ಅವನು ಕೊಟ್ಟ ಕಡಲೆಕಾಯಿ ತಿಂದಿದ್ದ ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದಳು. ಆಮೇಲೆ ಒದ್ದೆ ಕೈಯನ್ನೇ ನೋಡುತ್ತಾ ನಾಚಿಕೆಯಿಂದ ಕುಗ್ಗಿಹೋದಳು. ಓದಿದವಳು ನಾನು… ಹೀಗಾ?

ಮರುದಿನ ಸಂಜೆ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ತನ್ಮಯಿ ತಾನೇ ಕಾಟನ್‌ಪೇಟೆಗೆ ಹೋಗಿ, ತಾಮ್ರದ ತಂತಿಯ ರಾಶಿಯ ನಡುವೆ ಕೂತಿದ್ದವನ ಎದುರು ನಿಂತಳು.

“ನಂದೂ ಈ ಕಡೆನೇ…” ಎಂದಳು.

ಲೋಹಿತ್ ತಲೆ ಬಗ್ಗಿಸಿ ತಂತಿ ಸುತ್ತತೊಡಗಿದ. ಸುತ್ತಿದ್ದೆಲ್ಲ ತಪ್ಪಾಗಿತ್ತು.

* * *

ಅಲ್ಲಿಂದ ಅವರ ದಾರಿ ದಿನವೂ ಒಂದಾಯಿತು. ಆದರೆ ತನ್ಮಯಿಯ ಒಳಗೆ ಒಂದು ಸಂಕಟ ಬೆಳೆಯುತ್ತಿತ್ತು. ಅವನ ಕೆನ್ನೆ ಇನ್ನೂ ಒಳಕ್ಕೆ ಹೋಗುತ್ತಿದೆಯಲ್ಲ! ಕಾಯಿಲೆ ಅವನನ್ನು ತಿನ್ನುತ್ತಿದೆ… ಇನ್ನೆಷ್ಟು ದಿನ? ಕೇಳುವ ಧೈರ್ಯವಿಲ್ಲ. ಕೇಳದೆ ಇರಲೂ ಆಗುತ್ತಿಲ್ಲ. ಹಾಗಾದಾಗಲೆಲ್ಲ ಡ್ರಾಯರ್ ತೆಗೆದು ಆ ಒಂದು ಫೋಟೋ ನೋಡುತ್ತಿದ್ದಳು.

ಒಂದು ಮಧ್ಯಾಹ್ನ ಕತ್ತರಿ ತೆಗೆಯಲು ಡ್ರಾಯರ್ ಎಳೆದಾಗ ಲೋಹಿತ್ ಕೌಂಟರಿನ ಆಚೆಯೇ ಇದ್ದ. ಫೋಟೋ ಕಂಡಿತು. ಅವಳು ತಟಕ್ಕನೆ ಮುಚ್ಚಿದಳು. ಅವನು ಕಾಣದವನಂತೆ ಬೀದಿಯ ಕಡೆ ನೋಡಿದ.

ಅದಾಗಿ ಮೂರು ವಾರ ಅವನು ಹಿಂದೆಂದೂ ಇಲ್ಲದಷ್ಟು ಗೆಲುವಾಗಿದ್ದ. ಗವಿಪುರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಒಂದು ಸಂಜೆ ಹೇಳಿದ.

“ಇನ್ನೊಂದಾರು ತಿಂಗಳು. ಆ ಫೋಟೋ ಥರಾನೇ ಆಗ್ಬಿಡ್ತೀನಿ, ನೋಡ್ತಿರಿ.”

“ಯಾವ… ಫೋಟೋ?”

“ನಿಮ್ಮ ಡ್ರಾಯರ್‌ದು.”

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. “ಹೇಗೆ ಆಗ್ತೀರಿ?”

“ಮಾತ್ರೆ ಬಿಟ್ಟೆ. ಕೆನ್ನೆ ತಿಂದಿದ್ದು ಕಾಯಿಲೆ ಅಲ್ಲ ತನ್ಮಯಿ, ಆ ಮಾತ್ರೆ. ನಮ್ಮಲ್ಲಿ ಸುಮಾರು ಜನಕ್ಕೆ ಹಂಗೇ ಆಗಿದೆ. ಬಸ್‌ಸ್ಟ್ಯಾಂಡಲ್ಲಿ ಒಬ್ಬರನ್ನೊಬ್ರು ಕೆನ್ನೆ ನೋಡೇ ಗುರುತು ಹಿಡೀತೀವಿ. ರಕ್ತದ ರಿಪೋರ್ಟ್ ನೋಡಿದ್ರೆ ನಾನು ಫಸ್ಟ್ ಕ್ಲಾಸ್! ಆದ್ರೆ ರಿಪೋರ್ಟ್ ಯಾರ್ ನೋಡ್ತಾರೆ?”

ತನ್ಮಯಿ ಅವನ ಮುಖವನ್ನೇ ನೋಡಿದಳು. ಇಷ್ಟು ದಿನ ಸಾವಿನ ಗುರುತೆಂದು ಹೆದರಿ, ಒಳಗೊಳಗೇ ಅತ್ತಿದ್ದ ಆ ಗುಳಿಗಳು… ಅವನು ಬದುಕುತ್ತಿದ್ದುದರ ಗುರುತಾಗಿದ್ದವು! ಈಗ ಆ ಮಾತ್ರೆಯನ್ನೇ ಅವನು ಬಿಟ್ಟಿದ್ದಾನೆ. ತನಗಾಗಿ!

“ಬುದ್ಧಿ ಇದೆಯಾ ನಿಮಗೆ?”

ಪಕ್ಕದ ಬೆಂಚಿನಲ್ಲಿದ್ದ ಅಜ್ಜಂದಿರಿಬ್ಬರು ತಿರುಗಿ ನೋಡಿದರು. ಅವಳ ಧ್ವನಿ ಅಷ್ಟು ಜೋರಾಗಬಲ್ಲದೆಂದು ಅವಳಿಗೂ ಗೊತ್ತಿರಲಿಲ್ಲ.

“ನೀವು ಇಟ್ಕೊಂಡಿದ್ದು ಆ ಮುಖಾನೇ ಅಲ್ವಾ…” ಲೋಹಿತ್ ಮೆಲ್ಲಗೆ ಅಂದ. “ಇದನ್ನಲ್ವಲ್ಲ.”

“ಎಂಟು ಕಾಪಿನೂ ಬಾಚ್ಕೊಂಡು ಹೋದೋರು ಯಾರು? ಒಂದಾದ್ರೂ ಬಿಟ್ಟು ಹೋದ್ರಾ? ಉಳಿದಿದ್ದು ಅದೊಂದೇ!” ಅವಳ ಕಣ್ಣು ತುಂಬಿ ಬಂತು. “ನಂಗೆ ನಿಮ್ಮದೊಂದು ಬೇಕಿತ್ತು. ಯಜಮಾನ್ರಿಗೆ ಗೊತ್ತಾಗೋ ಹಾಗೆ ಇನ್ನೊಂದು ಪ್ರಿಂಟ್ ಹಾಕೋ ಧೈರ್ಯ ಇರ್ಲಿಲ್ಲ. ಆ ಕೆನ್ನೆ ನಂದೇ ಸುಳ್ಳು ಅಂತ ಗೊತ್ತಿತ್ತಲ್ಲ… ಎರಡು ಬೆರಳಿಟ್ಟು ಅದನ್ನ ಮುಚ್ಕೊಂಡು, ಕಣ್ಣಷ್ಟೇ ನೋಡ್ತಿದ್ದೆ. ತಿಳೀತಾ?”

ಲೋಹಿತ್ ತನ್ನ ಕೆನ್ನೆಯ ಗುಳಿಯನ್ನು ಬೆರಳಿಂದ ಮುಟ್ಟಿಕೊಂಡ.

“ಹೇಳ್ಬಾರದಿತ್ತಾ ಒಂದ್ ಮಾತು…”

“ಹೇಳೋ ಬಾಯಿದ್ದಿದ್ರೆ ಫೋಟೋ ಇಟ್ಕೊಂಡು ಯಾಕೆ ಕೂರ್ತಿದ್ದೆ? ನಾಳೆ ಆಸ್ಪತ್ರೆಗೆ ಹೋಗ್ತಿದೀವಿ. ನಾನೂ ಬರ್ತೀನಿ.”

ರಜ ಕೇಳಿದಾಗ ಪಂಚಾಕ್ಷರಯ್ಯ ಕನ್ನಡಕ ತೆಗೆದು ಅವಳನ್ನು ನೋಡಿದರು. “ನೀನು ಬಾಯಿ ಬಿಟ್ಟು ಕೇಳಿದ್ಯಲ್ಲ ತಾಯಿ! ಎರಡು ದಿನ ತಗೋ.”

* * *

ಆಸ್ಪತ್ರೆಯ ಆಪ್ತ ಸಮಾಲೋಚಕಿ ದಾಕ್ಷಾಯಣಮ್ಮ ಲೋಹಿತ್ ಹೇಳಿದ್ದನ್ನೆಲ್ಲ ಕೇಳಿದರು. ಮಾತ್ರೆ ಬಿಟ್ಟಿದ್ದಕ್ಕೆ ಚೆನ್ನಾಗಿ ಬೈದರು. “ನೀನು ಬಿಟ್ರೆ ವೈರಸ್ಸು ಸುಮ್ನೆ ಕೂರಲ್ಲಪ್ಪ. ಇದೇ ಮಾತ್ರೆ ಮುಂದೆ ಅದಕ್ಕೆ ನಾಟದೇ ಹೋಗ್ಬಹುದು!” ಆಮೇಲೆ ಅವನು ಕಾಲುರಿಯ ಕಥೆ, ಅವತ್ತು ಕೇಳಿಸಿಕೊಂಡ ಮಾತು ಹೇಳಿದಾಗ ಅವರ ಪೆನ್ನು ನಿಂತಿತು.

“ಯಾರು ಹಾಗಂದ್ರೋ, ತಪ್ಪು ಅವರದ್ದು. ಒಂದು ಕಾಲದಲ್ಲಿ ಸೂಜಿ ತಗೊಂಡೋನ ಉರಿ ಸುಳ್ಳಾಗಿಬಿಡುತ್ತಾ? ಆ ಉರಿ, ಈ ಕೆನ್ನೆ, ಎರಡೂ ಮಾತ್ರೆಯಿಂದಾನೇ ಇರ್ಬೇಕು. ಡಾಕ್ಟರ್ ನೋಡ್ತಾರೆ. ರಕ್ತ ಚೆನ್ನಾಗಿದ್ರೆ ಅದರ ಬದಲು ಬೇರೆ ಕೊಡ್ತಾರೆ. ಅದಕ್ಕೂ ಅದರದ್ದೇ ತೊಂದ್ರೆ ಇರುತ್ತೆ, ಆದಾಗ ಬಂದು ಹೇಳು. ಆದ್ರೆ ಹೋದ ಕೆನ್ನೆ ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ.”

“ಬರದಿದ್ರೂ ಪರ್ವಾಗಿಲ್ಲ ಮೇಡಂ.”

ಹಾಗಂದದ್ದು ಲೋಹಿತ್ ಅಲ್ಲ. ದಾಕ್ಷಾಯಣಮ್ಮ ಆಗಷ್ಟೇ ಕಂಡವರಂತೆ ತನ್ಮಯಿಯ ಕಡೆ ತಿರುಗಿದರು. ಫಾರಂ ಒಂದನ್ನು ಮುಂದಕ್ಕೆಳೆದುಕೊಂಡರು.

“ಮಾತ್ರೆ ನೆನಪಿಸೋರ ಹೆಸರು ಬರ್ಕೋಬೇಕು. ನೀವು ಇವರಿಗೆ ಏನಾಗ್ಬೇಕು?”

“ಪರಿಚಯದವರು ಮೇಡಂ, ಅಷ್ಟೇ,” ಲೋಹಿತ್ ಅವಸರದಿಂದ ಹೇಳಿದ. ಅವಳ ಹೆಸರು ಈ ಕೋಣೆಯ ಯಾವ ಕಾಗದದ ಮೇಲೂ ಉಳಿಯುವುದು ಅವನಿಗೆ ಬೇಕಿರಲಿಲ್ಲ.

ಏನಾಗಬೇಕು… ಸಾವಿರ ಸಲ ಕೇಳಿದ್ದ ಆ ಮಾತು ತನ್ಮಯಿಯ ಕಿವಿಗೆ ಇವತ್ತು ಹೊಸದಾಗಿ ಬಿತ್ತು.

“ಇವರಿಗೆ ನಾನು ಇನ್ನೂ ಏನೂ ಆಗಿಲ್ಲ ಮೇಡಂ,” ಎಂದಳು. “ಆಗ್ಬೇಕು.”

ಲೋಹಿತ್ ತಟ್ಟನೆ ಅವಳ ಕಡೆ ತಿರುಗಿದ.

“ಅದನ್ನ ಈ ಕಾಲಂನಲ್ಲಿ ಹೆಂಗಮ್ಮ ಬರೀಲಿ?” ದಾಕ್ಷಾಯಣಮ್ಮನ ತುಟಿಯಂಚಿನಲ್ಲಿ ನಗುವಿತ್ತು.

“ಹಾಗೇ ಬರೀರಿ.”

ಹೊರಗೆ ರಕ್ತ ಕೊಡುವ ಸಾಲಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಲೋಹಿತ್ ಕೈಯಲ್ಲಿದ್ದ ಹದಿನೇಳನೇ ನಂಬರಿನ ಚೀಟಿ ಮಡಚುತ್ತಾ ಕೇಳಿದ.

“ಯೋಚ್ನೆ ಮಾಡಿ ಹೇಳಿದ್ರಾ?”

“ಇಲ್ಲ. ಯೋಚ್ನೆ ಮಾಡಿದ್ರೆ ಬಾಯಿಗೆ ಬರ್ತಿರ್ಲಿಲ್ಲ.”

“ನಿಮ್ಮನೇಲಿ…”

“ರಾಮಾಯಣ ಆಗುತ್ತೆ. ನಮ್ಮಮ್ಮ ಜಾನಕಮ್ಮನ್ನ ನೀವು ನೋಡಿಲ್ಲ.”

“ಭಯ ಇಲ್ವಾ ತನ್ಮಯಿ?”

“ಇದೆ. ತುಂಬ ಇದೆ. ಕೇಳ್ಬೇಕಾಗಿರೋದೂ ತುಂಬ ಇದೆ. ಆ ಮೇಡಂ ಹತ್ರ ಒಂದೊಂದೇ ಕೇಳ್ತೀನಿ.” ಅವಳು ತನ್ನ ಕೈಯನ್ನು ಅವನ ಕೈಯ ಪಕ್ಕಕ್ಕಿಟ್ಟಳು. ಆಮೇಲೆ ಅವನ ಕೈಯ ಮೇಲೆಯೇ ಇಟ್ಟಳು.

“ಹದಿನೇಳು! ಲೋಹಿತ್ ಯಾರ್ರೀ?” ಒಳಗಿನಿಂದ ಕೂಗಿದರು.

ಅವನು ಎದ್ದ. ಬಾಗಿಲ ಬಳಿ ಹೋದವನು ಅಲ್ಲೇ ನಿಂತುಬಿಟ್ಟ.

“ಏನಾಯ್ತು?”

“ನನ್ನ ಕೈಲಿ ನರ ಬೇಗ ಸಿಗಲ್ಲ. ಹುಡುಕ್ತಾರೆ… ಹೊತ್ತಾಗುತ್ತೆ.” ಅವನ ಧ್ವನಿ ತಗ್ಗಿತು. “ಸೂಜಿ ಕಡೆ ನೋಡಬಾರದು ನಾನು. ನೋಡಿದ್ರೆ ಹಳೇದೆಲ್ಲ ಎದ್ದು ಕೂರುತ್ತೆ. ನಾಲ್ಕು ವರ್ಷದಿಂದ ಗೋಡೆ ನೋಡ್ಕೊಂಡೇ ರಕ್ತ ಕೊಡ್ತಿದೀನಿ.”

ತನ್ಮಯಿ ಎದ್ದು ಬಂದು ಅವನಿಗಿಂತ ಮುಂಚೆ ಒಳಗೆ ಹೋಗಿ, ಕುರ್ಚಿಯ ಎದುರಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಬಾ, ಕೂತ್ಕೋ,” ಎಂದಳು. “ನನ್ನೇ ನೋಡ್ತಿರು.”